ಶುಕ್ರವಾರದ ಸವತಿ

ಕಡಲ ದಡದ ಮೀನುಗಾರರ ಊರು ಪಸ್ನಿಯ ಹೆಂಗಸರಿಗೆ ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ. ಗಂಡ ಶಾರ್ಜಾದಲ್ಲಿ ಇಷ್ಟು ವರ್ಷದಿಂದ ಒಬ್ಬನೇ ಇದ್ದಾನಲ್ಲ, ಅಲ್ಲೊಬ್ಬಳನ್ನು ಇಟ್ಟುಕೊಂಡಿಲ್ಲವೇ ಎಂದು ಗ್ರಾನಾಜಳನ್ನು ಮುಖಕ್ಕೆ ಮುಖ ಕೊಟ್ಟೇ ಕೇಳುತ್ತಿದ್ದರು. ಮೀನು ಒಣಹಾಕುವ ಕಟ್ಟೆಯ ಮೇಲೆ ಕೂತು, ಕೈಗಂಟಿದ ಉಪ್ಪು ಕೊಡವುತ್ತ, ಅವಳೂ ಅಷ್ಟೇ ನೇರವಾಗಿ ಉತ್ತರ ಕೊಡುತ್ತಿದ್ದಳು.

"ಇಟ್ಕೊಂಡಿದ್ದಾರೆ ಕಣ್ರೇ. ವಾರಕ್ಕೊಂದೇ ದಿನ. ಶುಕ್ರವಾರ ಬೆಳಗ್ಗೆ ಹೋದ್ರೆ ಸಂಜೆ ಮಗ್ರಿಬ್ ಬಾಂಗ್ ಕೂಗೋವರೆಗೂ ಅವಳ ಹತ್ರಾನೇ."

"ಅಯ್ಯೋ ದೇವ್ರೇ! ಯಾರೇ ಅವಳು?"

"ಕ್ರಿಕೆಟ್ಟು."

ಕಟ್ಟೆಯ ತುಂಬ ನಗು. ಗ್ರಾನಾಜಳೂ ನಗುತ್ತಿದ್ದಳು. ಆದರೆ ಶುಕ್ರವಾರ ಫೋನು ಮಾಡಿದಾಗಲೆಲ್ಲ ಅದು ಬಡಕೊಂಡು ಬಡಕೊಂಡು ಸುಮ್ಮನಾಗುತ್ತಿತ್ತು. ಆಗ ಅವಳಿಗೆ ನಗು ಬರುತ್ತಿರಲಿಲ್ಲ. ಮಿಕ್ಕ ಆರು ದಿನ ಗಂಡ ಅಂಗಡಿಯವನ ಸ್ವತ್ತು, ಒಪ್ಪಿಕೊಳ್ಳೋಣ. ಏಳನೆಯ ದಿನ ಯಾರ ಸ್ವತ್ತು? ಅದೇನು ಅಂಥ ಆಟ, ಹೆಂಡತಿಯ ಫೋನು ಎತ್ತಲೂ ಬಿಡುವು ಕೊಡದ್ದು? ಈ ಪ್ರಶ್ನೆ ಅವಳ ತಲೆಯಲ್ಲಿ ವರ್ಷಗಟ್ಟಲೆ ಕೂತಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಅದು ಕುತೂಹಲವೇ.

ಹಾಗೆಂದು ಶಹದಾದ್ ಕೆಟ್ಟ ಗಂಡನಲ್ಲ. ಬಲೆ ಹೆಣೆಯುವವನ ಮಗಳು ಗ್ರಾನಾಜಳನ್ನು ಮದುವೆಯಾದಾಗ ಅವನು ಪಸ್ನಿಯಲ್ಲೇ ದರ್ಜಿ. ಮದುವೆಯಾದ ವರ್ಷವೇ ಶಾರ್ಜಾಕ್ಕೆ ಹೋದ. ರೊಲ್ಲಾ ಪೇಟೆಯ ಅಂಗಡಿಯೊಂದರಲ್ಲಿ ಅರಬರ ಬಿಳಿಯ ನಿಲುವಂಗಿ ಕಂದೂರಾ ಹೊಲಿಯಲು ಕೂತವನು ಇಪ್ಪತ್ತನಾಲ್ಕು ವರ್ಷವಾದರೂ ಆ ಮಷಿನ್ನಿನ ಮುಂದಿನಿಂದ ಎದ್ದಿಲ್ಲ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಊರಿಗೆ ಬರುವನು. ಒಂದು ಸಲ ಬಂದು ಹೋದ ಮೇಲೆ ಮಾಹಲ್ ಹುಟ್ಟಿದಳು. ಮುಂದಿನ ಸಲ ಬರುವಷ್ಟರಲ್ಲಿ ಅವಳು ಅಂಗಳದ ತುಂಬ ಓಡಾಡುತ್ತಿದ್ದಳು, ಅಪ್ಪನನ್ನು ಕಂಡು ಅಜ್ಜಿಯ ಹಿಂದೆ ಅಡಗಿಕೊಂಡಳು. ಆ ಅಜ್ಜಿ ಆಮೇಲೆ ಹಾಸಿಗೆ ಹಿಡಿದಳು. ಗ್ರಾನಾಜ್ ಅವಳ ಸೇವೆ ಮಾಡಿದಳು, ಮಗಳನ್ನು ಬೆಳೆಸಿ ಗ್ವಾದರ್‌ಗೆ ಮದುವೆ ಮಾಡಿಕೊಟ್ಟಳು. ಹೋದ ಬೇಸಗೆಯಲ್ಲಿ ಅತ್ತೆ ತೀರಿಕೊಂಡ ಮೇಲೆ ಪಸ್ನಿಯಲ್ಲಿ ಅವಳನ್ನು ಹಿಡಿದಿಡುವ ಹಗ್ಗವೇ ಉಳಿಯಲಿಲ್ಲ.

ಮಗಳು ಬಾ ಅಂದಳು. ಗಂಡನೂ ಬಾ ಅಂದ. ಗ್ರಾನಾಜ್ ಗಂಡನಿಗೆ ಹೇಳಿದ್ದು ಇಷ್ಟು: "ಒಂದು ಚಳಿಗಾಲ ಬರ್ತೀನಿ. ಮನಸ್ಸು ನಿಂತ್ರೆ ನಿಲ್ತೀನಿ. ಇಲ್ದಿದ್ರೆ ಮಾಹಲ್ ಮನೆಗೆ ಹೋಗ್ತೀನಿ. ಆಮೇಲೆ ಕರೀಬೇಡಿ, ಬರಲ್ಲ."

ಅವಳು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ಎಂದು ಶಹದಾದ್‌ಗೆ ಚೆನ್ನಾಗಿ ಗೊತ್ತಿತ್ತು.

ಅವಳು ಶಾರ್ಜಾಕ್ಕೆ ಬಂದ ಮೊದಲ ಶುಕ್ರವಾರ ಅವನು ಮರ್ಯಾದೆಗಾಗಿ ಮನೆಯಲ್ಲೇ ಉಳಿದ. ಉಳಿದ ಎನ್ನುವುದಕ್ಕಿಂತ ಸಿಕ್ಕಿಹಾಕಿಕೊಂಡ ಎನ್ನಬೇಕು. ಮಂಚದ ತುದಿಯಲ್ಲಿ ಕೂತ, ಎದ್ದ, ಕಿಟಕಿಯಿಂದ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿದ, ಮತ್ತೆ ಕೂತ. ಗ್ರಾನಾಜ್ ಮೀನಿನ ಸಾರಿಗೆ ಹುಣಸೆ ಕಿವುಚುತ್ತಿದ್ದಾಗ ಅವನು ತನಗೆ ತಾನೇ ಎಂಬಂತೆ, "ಈಗ ನೀರು ಕುಡಿಯಕ್ಕೆ ಬಿಟ್ಟಿರ್ತಾರೆ" ಎಂದ.

"ಯಾರನ್ನ?"

"ಆಡೋರನ್ನ."

ಅವಳಿಗೆ ಕನಿಕರ ಬಂತು. "ಹೋಗಿ ಮಾರಾಯ್ರೇ. ಇಲ್ಲಿದ್ದು ನನ್ನ ನೆತ್ತಿ ಮೇಲೆ ಗಾಳಿ ಲೆಕ್ಕ ಹಾಕ್ಬೇಡಿ" ಎಂದಳು. ಅವನು ಹೋದದ್ದು ಚಪ್ಪಲಿಗೂ ಗೊತ್ತಾಗಲಿಲ್ಲ, ಅಷ್ಟು ಬೇಗ.

ಅವನು ಆಡುತ್ತಿದ್ದವನಲ್ಲ, ಅಂಪೈರು. ಏರ್‌ಪೋರ್ಟ್ ರಸ್ತೆಯಾಚೆಯ ಮರಳು ಬಯಲಿನಲ್ಲಿ ಸಿಮೆಂಟಿನ ಪಟ್ಟಿಯೊಂದಿದೆ. ಅದರ ಮೇಲೆ ಚಾಪೆ ಹಾಸಿ ಟ್ಯಾಕ್ಸಿಯವರು, ಬಣ್ಣ ಬಳಿಯುವವರು, ಎಲೆಕ್ಟ್ರಿಕ್ ಅಂಗಡಿಯವರು ತಂಡ ಕಟ್ಟಿಕೊಂಡು ನಲವತ್ತು ಓವರಿನ ಪಂದ್ಯ ಆಡುತ್ತಿದ್ದರು. ಬೆಳಗಿನ ತಂಪಿನಲ್ಲಿ ಶುರು, ನಡುವೆ ಮಧ್ಯಾಹ್ನದ ಜುಮ್ಮಾ ನಮಾಜಿಗೂ ಊಟಕ್ಕೂ ಬಿಡುವು, ಸೂರ್ಯ ಇಳಿಯುವಾಗ ಮುಕ್ತಾಯ. ಶಹದಾದ್ ಬೆರಳೆತ್ತಿದರೆ ಎತ್ತಿದ್ದೇ, ಇಳಿಸಿದವನಲ್ಲ. ಅವನ ತೀರ್ಪನ್ನು ತಪ್ಪು ಎಂದವರಿದ್ದರು, ಮೋಸ ಎಂದವರು ಒಬ್ಬರೂ ಇರಲಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಉಸ್ತಾದ್.

ಇದೆಲ್ಲ ಗ್ರಾನಾಜ್‌ಗೆ ಹೇಳುವವರು ಯಾರು? ಅವಳ ಪಾಲಿಗೆ ಬರುತ್ತಿದ್ದುದು ಸಂಜೆಯ ಹೊತ್ತಿಗೆ ಕಣ್ಣು ಕೆಂಪಾಗಿ, ಕಿವಿಯೊಳಗೆಲ್ಲ ಮರಳು ತುಂಬಿಕೊಂಡು ಬಂದು, ಉಂಡು ಮಲಗಿಬಿಡುವ ಗಂಡಸು. ಕಿಟಕಿಯಾಚೆ ಎದುರು ಕಟ್ಟಡದ ಗೋಡೆ, ಅದರ ಮೇಲೆ ಸಾಲಾಗಿ ಗುಂಯ್‌ಗುಡುವ ಎ.ಸಿ.ಗಳು. ಪಸ್ನಿಯಲ್ಲಿ ಒಂಟಿಯಾಗಿದ್ದಾಗ ಕಡಲಾದರೂ ಎದುರಿಗಿತ್ತು. ಮೂರನೆಯ ಶುಕ್ರವಾರ ಅವನು ಕೈಕಾಲು ತೊಳೆದು ಬರುತ್ತಲೇ ಅವಳು, "ಮಾಹಲ್ ಫೋನ್ ಮಾಡಿದ್ಲು. ಬೇಸಗೆ ಶುರುವಾಗೋ ಮುಂಚೆ ಬಾ ಅಂದ್ಲು. ನಾನು ಹ್ಞೂಂ ಅಂದೆ" ಎಂದಳು. ಅವನು ಟವಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟ.

ಎರಡು ದಿನ ಕಳೆದು ವಸೀಉದ್ದೀನ್ ಬಂದ. ಕೆಳಗಿನ ನಾನ್ ಅಂಗಡಿಯವನು, ಕರಾಚಿಯವನು, ತಂದೂರಿನ ಶಾಖಕ್ಕೋ ಏನೋ ಮಾತು ಯಾವಾಗಲೂ ಬಿಸಿ. ಕಾಗದದಲ್ಲಿ ಸುತ್ತಿದ ನಾನ್ ಕೈಗಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಶಹದಾದ್‌ಗೆ ಪಾಠ ಶುರುಮಾಡಿದ. ಗ್ರಾನಾಜ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ನಲವತ್ತು ಓವರು ಈಗ ಯಾರಿಗೆ ಬೇಕು ಉಸ್ತಾದ್? ಹೆಂಡ್ತಿ ಮಕ್ಕಳಿರೋನು ಇಡೀ ಶುಕ್ರವಾರ ಮರಳಲ್ಲಿ ಹೂತ್ಕೊಂಡಿರ್ತಾನಾ? ಹತ್ತೇ ಓವರು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಶುರು ಮಾಡು, ಮಗ್ರಿಬ್ ಬಾಂಗಿಗೆ ಮುಗಿಸು. ಎರಡು ನಮಾಜಿನ ಮಧ್ಯೆ ಒಂದು ಆಟ! ಹೆಂಡ್ತೀನ ಕರ್ಕೊಂಡು ಬಾ, ಅಮ್ಮನ್ನ ಕರ್ಕೊಂಡು ಬಾ. ಜನ ಬರ್ತಾರೋ ಇಲ್ವೋ ನೋಡು."

"ಅದು ಆಟ ಅಲ್ಲ ವಸೀ. ಅವಸರ."

"ಅವಸರದ ಜನಕ್ಕೆ ಅವಸರದ ಆಟ. ನನ್ನ ಅಂಗಡೀಲಿ ನಾನ್ ಕೂಡ ನಿಂತ್ಕೊಂಡೇ ತಿಂತಾರೆ."

"ಹೊಸದಾಗಿ ಬಂದ ಬ್ಯಾಟ್ಸ್‌ಮನ್ನು ಚಾಪೆ ನೋಡ್ಬೇಕು, ಗಾಳಿ ನೋಡ್ಬೇಕು, ಬೌಲರ್ ಮನಸ್ಸಲ್ಲೇನಿದೆ ನೋಡ್ಬೇಕು. ಬರ್ತಿದ್ದಂಗೆ ಕಣ್ಮುಚ್ಚಿ ಬೀಸೋದಾದ್ರೆ ಅವನ್ಯಾಕೆ ಬೇಕು, ಕತ್ತೆಗೆ ಬ್ಯಾಟು ಕೊಡು."

"ಕತ್ತೆ ಬೀಸಿದ್ರೂ ಹೆಂಗಸ್ರು ಚಪ್ಪಾಳೆ ಹೊಡೀತಾರೆ ಉಸ್ತಾದ್, ಸಿಕ್ಸರ್ ಹೋಗ್ಬೇಕು ಅಷ್ಟೇ!"

ಬಾಗಿಲಲ್ಲಿದ್ದ ಗ್ರಾನಾಜ್‌ಗೆ ಈ ಓವರುಗಳ ಗೊಡವೆ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ: ತನ್ನ ಗಂಡನಿಗೆ ಇಷ್ಟು ಮಾತು ಬರುತ್ತದೆ! ಮನೆಯಲ್ಲಿ ಉಪ್ಪು ಕಡಿಮೆ, ಉಪ್ಪು ಸರಿಯಿದೆ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದವನಲ್ಲ. ಬ್ಯಾಟು ಹಿಡಿದವನ ಮನಸ್ಸು, ಬೌಲರಿನ ಮನಸ್ಸು ಎಂದು ಇಷ್ಟು ಆಳಕ್ಕೆ ಇಳಿಯುವವನು ಒಂದು ದಿನವೂ ತನ್ನ ಮನಸ್ಸಲ್ಲೇನಿದೆ ಎಂದು ಕೇಳಿರಲಿಲ್ಲ.

ಶಹದಾದ್ ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದ. ನಾನ್ ಮುರಿದ. ಆಮೇಲೆ, "ಆಯ್ತು, ಚಿಕ್ಕದೇ ಮಾಡೋಣ. ನಾನು ಉದ್ದದ ಆಟಕ್ಕೆ ಇನ್ನು ಬರಲ್ಲ ಅಂತ ಹೇಳ್ಬಿಡ್ತೀನಿ" ಎಂದ. ವಸೀ ಬಾಯಲ್ಲಿದ್ದ ತುತ್ತು ಮರೆತು ಅವನನ್ನೇ ನೋಡಿದ.

ಹೀಗೆ ಫ್ಯಾಮಿಲಿ ಕಪ್ ಹುಟ್ಟಿತು. ವಸೀ ಊರೆಲ್ಲ ಫೋನು ಮಾಡಿದ. ಶಹದಾದ್‌ಗೆ ಶುಕ್ರವಾರ ಬೆಳಗಿನ ಹೊತ್ತು ಮನೆಯಲ್ಲಿರುವ ಯೋಗ ಬಂತೇನೋ ನಿಜ. ಆದರೆ ಆ ಹೊತ್ತೆಲ್ಲ ಫೋನಿನ ಪಾಲಾಯಿತು. ಯಾವ ತಂಡಕ್ಕೆ ಆಳು ಕಡಿಮೆ, ಶಾಮಿಯಾನ ಬಂತೇ, ಮೈಕು ಬಂತೇ ಎಂದು ಕಿವಿಗೆ ಅಂಟಿದ್ದು ಇಳಿಯುತ್ತಿರಲಿಲ್ಲ.

ಮೊದಲ ಪಂದ್ಯಕ್ಕೆ ಬಂದದ್ದು ನಾಲ್ಕೈದು ಸಂಸಾರ. ತಿಂಗಳು ಕಳೆಯುವುದರೊಳಗೆ ಬಯಲಿನ ಸುತ್ತ ಕಾರು ನಿಲ್ಲಿಸಲು ಜಾಗಕ್ಕೆ ಜಗಳವಾಗತೊಡಗಿತು. ಅವರಲ್ಲಿ ಹೆಂಗಸರು ಬಯಲಿಗೆ ಬಂದರೂ ಬಯಲಿಗೆ ಇಳಿಯುವುದಿಲ್ಲ, ಕಾರಿನಲ್ಲೇ ಕೂರುತ್ತಾರೆ. ಮೂತಿ ಆಟದ ಕಡೆ ಮಾಡಿ ಸಾಲಾಗಿ ನಿಂತ ಆ ಕಾರುಗಳೇ ಗಡಿಗೆರೆ. ಚೆಂಡು ಕಾರಿಗೆ ತಾಗಿದರೆ ನಾಲ್ಕು, ಕಾರಿನ ಮೇಲೆ ಹಾರಿದರೆ ಆರು. ಚಪ್ಪಾಳೆ ಗಾಜಿನೊಳಗೇ ಉಳಿಯುತ್ತದೆಂದು ಹಾರ್ನ್ ಒತ್ತುವ ಪದ್ಧತಿ. ನಾಲ್ಕಕ್ಕೆ ಒಂದು ಸಲ, ಆರಕ್ಕೆ ಕಿವುಡಾಗುವಷ್ಟು.

ಗ್ರಾನಾಜ್ ಗಂಡನ ಹಳೆಯ ಬಿಳಿ ಕಾರಿನಲ್ಲಿ ಸ್ಟಿಯರಿಂಗಿನ ಹಿಂದೆ ಕೂರುತ್ತಿದ್ದಳು. ಓಡಿಸಲು ಬರುತ್ತದೆಂದಲ್ಲ, ಅಲ್ಲಿಂದ ನೇರ ಕಾಣುತ್ತದೆಂದು. ಪಕ್ಕದಲ್ಲಿ ವಸೀಯ ಹೆಂಡತಿ ನಿಘತ್. ಗ್ರಾನಾಜಳ ಮಡಿಲಲ್ಲಿ ಹಾಲು ಹಾಕಿ ಕಾಯಿಸಿದ ಟೀ ತುಂಬಿದ ಫ್ಲಾಸ್ಕು. ಇಪ್ಪತ್ತನಾಲ್ಕು ವರ್ಷದಲ್ಲಿ ಗಂಡ ಕೆಲಸ ಮಾಡುವ ಜಾಗಕ್ಕೆ ಟೀ ಒಯ್ದು ಕೊಡುವ ಭಾಗ್ಯ ಬೇರೆ ಹೆಂಡತಿಯರಿಗೆ ಇತ್ತು, ಅವಳಿಗಿರಲಿಲ್ಲ. ಇದೊಂದು ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಆ ಗುಂಡಗಿರೋನು ಯಾಕೆ ಸುಮ್ನೆ ಕೂತ್ಕೊಂಡೇ ಇರ್ತಾನೆ ಕೋಲಿನ ಹಿಂದೆ?"

"ಅವನು ವಿಕೆಟ್ ಕೀಪರ್ರು."

"ಕಾವಲಾ?"

"ಹ್ಞೂಂ, ಕಾವಲು ಅನ್ಕೋ."

"ಮತ್ತೆ ಕೋಲು ಬಿದ್ದಾಗ ಕುಣಿದ್ನಲ್ಲ? ಕಾವಲಿನವನು ಅಳ್ಬೇಕು ತಾನೇ?"

ನಿಘತ್ ಕೈಚೆಲ್ಲಿದಳು. "ನನಗೂ ಅಷ್ಟೇ ಗೊತ್ತಿರೋದು ಕಣಮ್ಮಾ. ಕಡಲೆ ತಿನ್ನು."

ಗ್ರಾನಾಜ್ ಬಿಡುವ ಪೈಕಿಯಲ್ಲ. ವಸೀ ಎದೆಯುಬ್ಬಿಸಿ ಹೇಳುತ್ತಿದ್ದನಲ್ಲ, ಚಿಕ್ಕ ಆಟಕ್ಕೇ ಈ ಜನ ಬಂದದ್ದು ಎಂದು, ಅದು ನಿಜವೇ ಎಂದು ಅವಳಿಗೆ ತಿಳಿಯಬೇಕಿತ್ತು. ಒಂದು ವಾರ ಒಂದು ಕಾರಿನಲ್ಲಿ, ಇನ್ನೊಂದು ವಾರ ಇನ್ನೊಂದರಲ್ಲಿ ಕೂತು ಎಲ್ಲರನ್ನೂ ಕೇಳಿದಳು: ನೀವ್ಯಾಕೆ ಬಂದ್ರಿ? ನಿಘತ್ ಗಾಳಿಗಾಗಿ ಬಂದಿದ್ದಳು. ಮರ್ದಾನ್ ಕಡೆಯ ಒಬ್ಬ ಮುದುಕಿ, "ಕಾರಲ್ಲಿ ಕೂತ್ರೆ ಸೊಸೆ ನನ್ನ ಹತ್ರ ಜಗಳ ಆಡಕ್ಕಾಗಲ್ಲ, ಪಕ್ಕದ ಕಾರಿನೋರು ನೋಡ್ತಾರಲ್ಲ" ಎಂದಳು. ಸೊಸೆ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ಕಾಲೇಜು ಓದುವ ಪಲ್ವಶಾ ಎಂಬ ಹುಡುಗಿಯೊಬ್ಬಳು ಮಾತ್ರ ಗಾಜು ಇಳಿಸಿ ಅರ್ಧ ಮೈ ಹೊರಗೆ ಹಾಕಿ ನೋಡುತ್ತಿದ್ದಳು. ಒಂದೊಂದು ಚೆಂಡೂ ಯಾಕೆ ಹಾಗೆ ತಿರುಗಿತು ಎಂದು ಅವಳಿಗೆ ಗೊತ್ತಿತ್ತು. ಗ್ರಾನಾಜ್‌ಗೆ ಓವರು ಎಂದರೇನು, ಔಟು ಎಂದರೇನು ಎಂದು ಬಿಡಿಸಿ ಹೇಳಿದವಳು ಅವಳೇ.

"ಚಿಕ್ಕ ಆಟ ಇಲ್ದಿದ್ರೆ ಅಪ್ಪ ನನ್ನ ಕರ್ಕೊಂಡೇ ಬರ್ತಿರ್ಲಿಲ್ಲ ಖಾಲಾ. ಇಡೀ ದಿನ ಹೆಣ್ಣುಮಗಳು ಬಯಲಲ್ಲಿ ಕೂರೋದಾ ಅಂತಿದ್ರು. ಒಂದೂವರೆ ಗಂಟೆ ಅಂದಿದ್ದಕ್ಕೆ ಒಪ್ಕೊಂಡ್ರು."

ಹಾಗಾದರೆ ವಸೀ ಹೇಳಿದ್ದರಲ್ಲಿ ನಿಜವಿದೆ ಎಂದುಕೊಂಡಳು ಗ್ರಾನಾಜ್. ಆದರೂ ಒಂದು ಮಾತು ಅವಳಿಗೆ ಬಗೆಹರಿಯಲಿಲ್ಲ. ಕಾರಿನ ತುಂಬ ಸಂಸಾರಗಳಿದ್ದವು, ಸಂಸಾರದ ಗಂಡಸರೆಲ್ಲ ಬಯಲಿನಲ್ಲಿದ್ದರು. ಆಟ ಮುಗಿಯುತ್ತಲೇ ಬಾಂಗ್, ನಮಾಜು, ಮೈಕಿನಲ್ಲಿ ವಸೀಯ ಭಾಷಣ, ಆಮೇಲೆ ಎಲ್ಲರೂ ಕಾರು ಹತ್ತಿ ಬುರ್ರನೆ ಮಾಯ. ಅವಳ ಫ್ಲಾಸ್ಕು ಮಾತ್ರ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ನಡುವೆ ಸಿಗುವ ಪುಟ್ಟ ಬಿಡುವಿನಲ್ಲಿ ಶಹದಾದ್ ಒಂದು ತಂಡದ ಜಗಳ ಬಿಡಿಸಿ ಇನ್ನೊಂದರ ಜಗಳಕ್ಕೆ ಓಡುತ್ತಿದ್ದ. ಕಾರಿನ ಹತ್ತಿರ ಒಂದು ಸಲವೂ ಬಂದಿರಲಿಲ್ಲ. ಮನೆಗೆ ಹೋಗುವಾಗ ಕೇಳುತ್ತಿದ್ದ, "ಹೆಂಗಿತ್ತು? ಮಜಾ ಬಂತಾ?" ಅವಳು ಹ್ಞೂಂ ಎನ್ನುತ್ತಿದ್ದಳು. ಅವನ ಮುಖ ಅರಳುತ್ತಿತ್ತು. ಅದನ್ನು ನೋಡಿ ಅವಳಿಗೆ ಬೇರೇನೂ ಹೇಳಲು ಬಾಯಿ ಬರುತ್ತಿರಲಿಲ್ಲ.

ಫೈನಲ್ ದಿನ ಬಂತು. ವಸೀಯ ತಂದೂರು ತಂಡಕ್ಕೂ ಟ್ಯಾಕ್ಸಿಯವರಿಗೂ ಪಂದ್ಯ. ಕಾರುಗಳು ಎರಡು ಸಾಲು. ಟ್ಯಾಕ್ಸಿಯವರು ಬ್ಯಾಟು ಹಿಡಿದಿದ್ದರು, ಕೊನೆಯ ಓವರು, ಕೊನೆಯ ಜೋಡಿ, ಗೆಲ್ಲಲು ಇನ್ನೂ ಐದು ರನ್ ಬೇಕಿತ್ತು. ಬಯಲೆಲ್ಲ ಉಸಿರು ಬಿಗಿಹಿಡಿದಿತ್ತು.

ಗ್ರಾನಾಜ್ ಮಾತ್ರ ಬೇರೆಯದನ್ನು ನೋಡುತ್ತಿದ್ದಳು. ಈ ಓವರಿನಲ್ಲಿ ಚೆಂಡೆಸೆಯುವ ಕಡೆ ನಿಂತ ಅಂಪೈರು ಸುಗುಣನ್ ಎಂಬ ಎಲೆಕ್ಟ್ರಿಕ್ ಅಂಗಡಿಯವನು. ಶಹದಾದ್ ಬದಿಗೆ ಸರಿದು, ಅವಳ ಕಾರಿನಿಂದ ಕೂಗಳತೆಯಲ್ಲಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ. ಈ ಚಳಿಗಾಲದಲ್ಲೇ ಅಷ್ಟು ಹತ್ತಿರ ಬಂದು ನಿಂತದ್ದು ಇದೇ ಮೊದಲು. ಅವಳಿಗೆ ಓವರು ಗೊತ್ತಿತ್ತು, ಔಟು ಗೊತ್ತಿತ್ತು. ಬದಿಯಲ್ಲಿ ನಿಂತ ಅಂಪೈರಿಗೂ ಕೆಲಸವಿದೆ ಎಂದು ಪಲ್ವಶಾ ಹೇಳಿರಲಿಲ್ಲ. ಪಾಪ, ಸುಮ್ಮನೆ ನಿಂತಿದ್ದಾರೆ, ಗಂಟಲು ಒಣಗಿರಬೇಕು ಎಂದುಕೊಂಡಳು. ಬಟ್ಟಲಿಗೆ ಟೀ ಬಗ್ಗಿಸಿದಳು. ಗಾಜಿನ ಹೊರಗೆ ಕೈ ಚಾಚಿ ಆಡಿಸಿದಳು. ಅವನು ತಿರುಗಲಿಲ್ಲ. ಮತ್ತೆ ಆಡಿಸಿದಳು. ಟೀ ಆರುತ್ತಿತ್ತು.

ಆಗ ಹಾರ್ನ್ ಒತ್ತಿದಳು.

ಬೌಲರ್ ಓಡಿಬಂದು ಕೈ ಎತ್ತಿದ್ದ. ಬ್ಯಾಟು ಹಿಡಿದವನು ಬೆಚ್ಚಿ ಕಾರಿನ ಕಡೆ ತಲೆ ತಿರುಗಿಸಿದ. ಚೆಂಡು ಹೋಗಿ ಕೋಲು ಕಿತ್ತಿತು. ತಂದೂರು ತಂಡ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯತೊಡಗಿತು. ಅಷ್ಟರಲ್ಲಿ ಶಹದಾದ್ ಎರಡೂ ಕೈ ಮುಂದೆ ಅಡ್ಡಡ್ಡ ಆಡಿಸುತ್ತ ಓಡಿಬಂದ. "ಇಲ್ಲ ಇಲ್ಲ! ಚೆಂಡು ಲೆಕ್ಕಕ್ಕಿಲ್ಲ! ಸದ್ದು ಬಂತು, ಆಡೋನ ಗಮನ ತಪ್ಪಿತು. ಮತ್ತೆ ಹಾಕು!"

"ಯಾರ ಹಾರ್ನ್ ಉಸ್ತಾದ್ ಅದು?" ಎಂದು ವಸೀ ಶಾಮಿಯಾನದಿಂದ ಕೂಗಿದ. ಎಲ್ಲರೂ ಬಿಳಿ ಕಾರಿನ ಕಡೆ ತಿರುಗಿದರು. ಗ್ರಾನಾಜ್ ಬಟ್ಟಲು ಹಿಡಿದುಕೊಂಡೇ ಇದ್ದಳು.

ಮತ್ತೆ ಹಾಕಿದ ಚೆಂಡನ್ನು ಟ್ಯಾಕ್ಸಿಯವನು ಕಾರುಗಳ ಮೇಲಿಂದ ಹಾರಿಸಿದ. ಅಲ್ಲಿಗೆ ಪಂದ್ಯವೂ ಮುಗಿಯಿತು, ಇಪ್ಪತ್ತು ಚಿಲ್ಲರೆ ವರ್ಷದ ಮರ್ಯಾದೆಯೂ ಮುಗಿಯಿತು. ತಂದೂರು ತಂಡದ ನಾಯಕ ಜಿಬ್ರಾನ್ ಚೆಂಡು ನೆಲಕ್ಕೆ ಬಿಸಾಕಿ, "ಉಸ್ತಾದ್, ಮನೆಯಿಂದ ಹಾರ್ನಲ್ಲಿ ಆರ್ಡರ್ ಬಂತಾ? ಮೊದಲೇ ಹೇಳಿದ್ರೆ ನಾವು ಮನೇಲೇ ಇರ್ತಿದ್ವಿ" ಎಂದ. ಹಿಂದಿನಿಂದ ಯಾರೋ, "ಫ್ಯಾಮಿಲಿ ಕಪ್ ಅಲ್ವಾ, ಫ್ಯಾಮಿಲೀನೇ ಗೆಲ್ಲಿಸಿದ್ದು!" ಎಂದರು. ಎಲ್ಲರೂ ನಕ್ಕರು. ಶಹದಾದ್ ಬಿಳಿ ಟೋಪಿ ತೆಗೆದು ಮಡಿಸಿ ಜೇಬಿನಲ್ಲಿಟ್ಟುಕೊಂಡ.

ಎಲ್ಲ ಕಾರುಗಳೂ ಹೋದ ಮೇಲೂ ಅವನು ತನ್ನ ಕಾರು ಹೊರಡಿಸಲಿಲ್ಲ. ಸ್ಟಿಯರಿಂಗ್ ಹಿಡಿದು ಕೂತೇ ಇದ್ದ.

"ಯಾಕೆ ಒತ್ತಿದೆ?"

"ಟೀ ಆರ್ತಿತ್ತು."

"ಟೀ?"

"ಹ್ಞೂಂ. ವಾರ ವಾರ ತರ್ತೀನಿ, ವಾರ ವಾರ ಮನೇಲಿ ಚೆಲ್ತೀನಿ. ಇವತ್ತು ಹತ್ರ ಬಂದ್ರಲ್ಲ, ಸುಮ್ನೆ ನಿಂತಿದ್ದೀರಿ ಅನ್ಕೊಂಡೆ. ತಪ್ಪಾಯ್ತು. ನಾಳೆ ಆ ಹುಡುಗರಿಗೆ ನಾನೇ ಹೇಳ್ತೀನಿ, ನನಗೆ ಗೊತ್ತಾಗ್ಲಿಲ್ಲ ಅಂತ."

ಅವನಿಗೆ ಸಿಟ್ಟು ಬಂದಿತ್ತು. ಟೀಯ ಮಾತು ಕೇಳಿ ಆ ಸಿಟ್ಟು ಎಲ್ಲಿ ಇಳಿಯಬೇಕೆಂದು ತಿಳಿಯದೆ ಬೇರೆ ದಾರಿ ಹಿಡಿಯಿತು. "ಅವರೇನಾದ್ರೂ ಅಂದ್ಕೊಳ್ಲಿ ಬಿಡು. ಆದ್ರೆ ನಾನು ಉದ್ದದ ಆಟ ಬಿಟ್ಟಿದ್ದು ಯಾರಿಗೋಸ್ಕರ? ಇದನ್ನೆಲ್ಲ ಚಿಕ್ಕದು ಮಾಡಿದ್ದು ಯಾರಿಗೋಸ್ಕರ? ನಿನಗೆ ಬೇಜಾರಾಗ್ಬಾರ್ದು ಅಂತ, ನೀನು ಇರ್ಲಿ ಅಂತ!"

ಗ್ರಾನಾಜ್ ಮೆಲ್ಲಗೆ ಮಾತಾಡಿದಳು.

"ಚಿಕ್ಕದು ನನಗೆ ಹೊಸದಾ? ಎರಡು ವರ್ಷಕ್ಕೆ ಎರಡು ತಿಂಗಳು ಬರ್ತಿದ್ರಿ. ಮೊದಲನೇ ವಾರ ಮನೆ ತುಂಬ ನೆಂಟರು, ಕೊನೇ ವಾರ ಪೆಟ್ಟಿಗೆ ಕಟ್ಟೋದು. ಮಧ್ಯೆ ಒಂದು ಮದುವೆ, ಒಂದು ಹಬ್ಬ, ಒಂದಿಷ್ಟು ನಗು. ಊರೋರೆಲ್ಲ ನೋಡಿ ಚೆನ್ನಾಗಿದೆ ಅಂದ್ರು. ನಾನೂ ಚೆನ್ನಾಗಿದೆ ಅಂದೆ. ನೀವು ಹೇಗೆ ನಿದ್ದೆ ಮಾಡ್ತೀರಿ, ಯಾವಾಗ ಸುಮ್ನಾಗ್ತೀರಿ, ಯಾಕೆ ಸುಮ್ನಾಗ್ತೀರಿ, ತಿಳ್ಕೊಳ್ಳೋ ಹೊತ್ತಿಗೆ ಪ್ರತೀ ಸಲ ನಿಮ್ಮ ಬಸ್ಸು ಬರ್ತಿತ್ತು. ಈಗ ನೀವು ಇನ್ನೊಂದು ಚಿಕ್ಕದನ್ನ ತಂದು ಕೈಗಿಟ್ಟು ಖುಷಿಪಡು ಅಂತೀರಿ. ನನಗೆ ಬೇಡ. ನನಗೆ ಆ ಉದ್ದದ್ದು ತೋರ್ಸಿ."

"ಅಲ್ಲಿಗೆ ಯಾವ ಹೆಂಗಸರೂ ಬರಲ್ಲ. ಇಡೀ ದಿನ. ಎಷ್ಟೋ ಹೊತ್ತು ಏನೂ ನಡೆಯಲ್ಲ."

"ಅದೇ ಬೇಕು ನನಗೆ. ಏನೂ ನಡೀದೇ ಇದ್ದಾಗ ನೀವು ಏನ್ಮಾಡ್ತೀರಿ ನೋಡ್ಬೇಕು."

ಉದ್ದದ ಆಟದವರು ಅವನನ್ನು ವಾಪಸು ಸೇರಿಸಿಕೊಂಡರು. ಹಾರ್ನಿನ ಕಥೆ ಅವರಿಗೂ ಮುಟ್ಟಿತ್ತು. ಹಿರಿಯನೊಬ್ಬ ಗಡ್ಡ ತೀಡಿಕೊಂಡು, "ಹೆಂಡ್ತಿ ತಪ್ಪನ್ನ ಮುಚ್ಚಿಡದೆ ಚೆಂಡು ಲೆಕ್ಕಕ್ಕಿಲ್ಲ ಅಂದ್ಯಲ್ಲ, ಅದೇ ಸರಿ" ಎಂದ. ಜಿಬ್ರಾನ್ ಮಾತ್ರ ಇನ್ನೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಎಲ್ಲ ಗಾಯವೂ ಒಂದೇ ವಾರಕ್ಕೆ ಮಾಯುವುದಿಲ್ಲ.

ಆ ಶುಕ್ರವಾರ ಬಯಲಿನಂಚಿನ ಗಾಫ್ ಮರದ ಕೆಳಗೆ ಗ್ರಾನಾಜ್ ಚಾಪೆ ಹಾಸಿ ಕೂತಳು. ಕಾರಿನ ಗಾಜಿಲ್ಲ, ಹಾರ್ನಿಲ್ಲ, ಮೈಕಿಲ್ಲ. ಆಡುವವರು ಮೊದಮೊದಲು ಸಂಕೋಚದಿಂದ ಆ ಕಡೆ ಚೆಂಡು ಬಂದರೆ ತಲೆ ತಗ್ಗಿಸಿಕೊಂಡು ಎತ್ತಿಕೊಂಡು ಹೋಗುತ್ತಿದ್ದರು. ಬಿಸಿಲೇರುವಷ್ಟರಲ್ಲಿ ಮರೆತರು. ನಿಜಕ್ಕೂ ಎಷ್ಟೋ ಹೊತ್ತು ಏನೂ ನಡೆಯಲಿಲ್ಲ. ಬ್ಯಾಟು ಹಿಡಿದವನು ಚೆಂಡನ್ನು ತಡೆದ, ಮತ್ತೆ ತಡೆದ. ಗ್ರಾನಾಜ್‌ಗೆ ಬೇಸರವಾಗಲಿಲ್ಲ. ದೋಣಿಗಳ ದಾರಿ ನೋಡುತ್ತ ದಡದಲ್ಲಿ ಹಗಲು ಕಳೆದವಳು ಅವಳು. ಏನೂ ನಡೆಯದ ಆ ಹೊತ್ತಿನಲ್ಲಿ ಅವಳು ಗಂಡನನ್ನು ನೋಡಿದಳು. ಬೌಲರ್ ಸ್ವೆಟರು ಕಳಚಿ ಅವನ ಕೈಗೆ ಕೊಟ್ಟು ಕಿವಿಯಲ್ಲೇನೋ ಹೇಳಿದ. ಶಹದಾದ್ ನಕ್ಕ. ತಲೆ ಹಿಂದಕ್ಕೆ ಹಾಕಿ, ಹಲ್ಲೆಲ್ಲ ಕಾಣುವಂತೆ. ಆ ನಗುವನ್ನು ಅವಳು ಇಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಜುಮ್ಮಾ ಮುಗಿಸಿ ಬಂದು ಎಲ್ಲರೂ ಅಲ್ಲಲ್ಲಿ ಊಟಕ್ಕೆ ಕೂತರು. ಶಹದಾದ್ ಮರದ ಕೆಳಗೆ ಬಂದು ಚಾಪೆಯ ಅಂಚಿನಲ್ಲಿ, ನೆಂಟರ ಮನೆಗೆ ಬಂದವನಂತೆ ಕೂತ. ಅವಳು ಅನ್ನಕ್ಕೆ ಮೀನು ಹಾಕಿದಳು, ಆಮೇಲೆ ಟೀ ಬಗ್ಗಿಸಿದಳು. ಅವನು ಕುಡಿದ. ಇನ್ನೊಂದು ಬಟ್ಟಲು ಕೇಳಿ ಕುಡಿದ. ಬಿಡುವು ಇನ್ನೂ ಉಳಿದಿತ್ತು. ಹೋಗಬೇಕಾದ ಕಡೆ ಎಲ್ಲೂ ಇರಲಿಲ್ಲ.

"ನೀವ್ಯಾಕೆ ಆಡಲ್ಲ? ಸುಮ್ನೆ ನಿಂತ್ಕೊಳ್ಳೋ ಕೆಲಸಾನೇ ಯಾಕೆ ಹಿಡಿದ್ರಿ?" ಎಂದು ಅವಳು ಕೇಳಿದಳು.

ಅವನು ಬಟ್ಟಲನ್ನು ತಿರುಗಿಸುತ್ತ ಕೂತ. ಆಮೇಲೆ ಹೇಳಿದ. "ಮೊದಲನೇ ವರ್ಷ ಶುಕ್ರವಾರ ಅಂದ್ರೆ ಹೆದರಿಕೆ ಆಗ್ತಿತ್ತು ನನಗೆ. ಬಾಕಿ ದಿನ ಮಷಿನ್ನು ಇರೋದು. ಶುಕ್ರವಾರ ರೂಮಲ್ಲಿ ಒಬ್ಬನೇ. ಗೋಡೆ ನೋಡ್ತಿದ್ದೆ. ಒಂದ್ಸಲ ಇಲ್ಲಿಗೆ ಬಂದೆ. ಆಡಕ್ಕೆ ಬರ್ತಿರ್ಲಿಲ್ಲ. ಅಂಪೈರ್ ಇರ್ಲಿಲ್ಲ, ನಿಂತ್ಕೊ ಅಂದ್ರು. ನಿಂತ್ಕೊಂಡೆ. ಅಂಪೈರ್ ಹತ್ರ ಎಲ್ರೂ ಮಾತಾಡ್ತಾರೆ ಗ್ರಾನಾಜ್. ಔಟಾ ಅಂತ ಕೇಳ್ತಾರೆ, ಎಷ್ಟು ಚೆಂಡು ಉಳೀತು ಅಂತ ಕೇಳ್ತಾರೆ, ಟೋಪಿ ಕೊಡ್ತಾರೆ, ಕಷ್ಟ ಹೇಳ್ತಾರೆ. ಬೆಳಗ್ಗೆಯಿಂದ ಸಂಜೆವರೆಗೂ ಯಾರಾದ್ರೊಬ್ರು ಏನಾದ್ರೂ ಕೇಳ್ತಾನೇ ಇರ್ತಾರೆ. ಅಷ್ಟಕ್ಕೇ ಬರ್ತಿದ್ದೆ."

ಗ್ರಾನಾಜ್‌ಗೆ ಮೀನಿನ ಕಟ್ಟೆಯ ಮೇಲೆ ತಾನು ಊರವರ ಜೊತೆ ಸೇರಿ ನಗುತ್ತಿದ್ದುದೆಲ್ಲ ನೆನಪಾಯಿತು. ಗೋಡೆ ನೋಡುತ್ತ ಕೂತದ್ದು ತಾನೊಬ್ಬಳೇ ಅಲ್ಲ.

"ನನಗೊಂದು ಮಾತು ಹೇಳಬಾರ್ದಿತ್ತಾ?"

"ಹೇಳೋಷ್ಟು ದಿನ ಊರಲ್ಲಿ ಇರ್ತಿರ್ಲಿಲ್ವಲ್ಲ."

ಬಯಲಿನ ನಡುವಿನಿಂದ ಯಾರೋ ಕೂಗಿದರು, "ಉಸ್ತಾದ್! ಹೊತ್ತಾಯ್ತು, ಬನ್ನಿ!" ಅವನು ಎದ್ದ, ಟೋಪಿ ಹಾಕಿಕೊಂಡ, ಹೋಗದೆ ನಿಂತ.

"ಹೋಗಿ. ನಾನು ಇಲ್ಲೇ ಇರ್ತೀನಿ" ಎಂದಳು ಗ್ರಾನಾಜ್.

"ಸಂಜೆವರೆಗಾ?"

"ಮಾಹಲ್‌ಗೆ ರಾತ್ರಿ ನಾನೇ ಫೋನ್ ಮಾಡಿ ಹೇಳ್ತೀನಿ. ಅಮ್ಮ ಬರಲ್ಲ ಅಂತ."

ಅವನು ನಡೆದುಕೊಂಡು ಹೋಗಿ ತನ್ನ ಜಾಗದಲ್ಲಿ ನಿಂತ. ಆಟ ಮತ್ತೆ ಶುರುವಾಯಿತು. ಒಂದೊಂದು ಚೆಂಡಿಗೂ ಒಂದೊಂದು ಕಲ್ಲನ್ನು ಈ ಕೈಯಿಂದ ಆ ಕೈಗೆ ದಾಟಿಸುವುದು ಅವನ ಕ್ರಮ. ಗ್ರಾನಾಜ್ ಈಗ ಬೆರಳು ಮಡಿಸಿ ತಾನೂ ಎಣಿಸುತ್ತಿದ್ದಳು. ಆರಾಯಿತು. ಅವನು ಓವರ್ ಎನ್ನಲಿಲ್ಲ. ಬೌಲರ್ ಅನುಮಾನದಿಂದಲೇ ಏಳನೆಯದನ್ನೂ ಹಾಕಿದ. ಹಾಕಿ ಬಂದು, "ಉಸ್ತಾದ್, ಎಷ್ಟಾಯ್ತು?" ಎಂದ.

ಶಹದಾದ್ ಅಂಗೈ ಬಿಡಿಸಿ ನೋಡಿದ. ಕಲ್ಲುಗಳೆಲ್ಲ ಹಳೆಯ ಕೈಯಲ್ಲೇ ಇದ್ದವು. "ಗೊತ್ತಿಲ್ಲಪ್ಪ" ಎಂದ.

"ಏಳಾಯ್ತು!" ಎಂದು ಮರದ ಕೆಳಗಿನಿಂದ ಕೂಗು ಬಂತು. ಬಯಲೆಲ್ಲ ಆ ಕಡೆ ತಿರುಗಿತು. ಗ್ರಾನಾಜ್ ಎದ್ದು ನಿಂತಿದ್ದಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಶಹದಾದ್ ಅವಳನ್ನು ನೋಡಿದ, ಕಲ್ಲುಗಳನ್ನು ಜೇಬಿಗೆ ಹಾಕಿಕೊಂಡ. "ಅವಳು ಹೇಳಿದ್ದೇ ಸರಿ. ಓವರ್" ಎಂದ.